ಹಾಜರಿಯೊಂದೇ ಅಳತೆಯಲ್ಲ

ಬೇಸಾಯಗಾರರು ಭೂಮಿಯನ್ನು ಎಕರೆ ಗುಂಟೆಗಳಿಂದಲೂ ಧಾನ್ಯವನ್ನು ತೂಕದಿಂದಲೂ ಅಳೆಯುತ್ತಾರೆ. ಆದರೆ ಆಳುಗಳ ದುಡಿಮೆಯನ್ನು ಅಳೆಯಲು ನಮ್ಮ ಕೈಯಲ್ಲಿರುವುದು ಹಾಜರಿ ಪುಸ್ತಕವೊಂದೇ. ಬೆಳಿಗ್ಗೆ ಎಷ್ಟು ಮಂದಿ ಬಂದರು, ಸಂಜೆ ಎಷ್ಟು ಹೊತ್ತಿಗೆ ಹೊರಟರು ಎಂಬುದನ್ನು ಅದು ತಿಳಿಸೀತು. ಬಂದವರಲ್ಲಿ ಕಸುವು ಎಷ್ಟಿತ್ತು, ಮನಸ್ಸು ಕೆಲಸದಲ್ಲಿ ನಿಂತಿತ್ತೇ, ಸ್ವಂತ ಬುದ್ಧಿಯನ್ನು ಉಪಯೋಗಿಸಿದರೇ ಎಂಬುದನ್ನು ತಿಳಿಸದು. ಕಳೆಯು ಬೇರುಸಹಿತ ಬಂದಿತೋ, ತುದಿಮಾತ್ರ ಹರಿದು ಬುಡ ಉಳಿಯಿತೋ ಎಂಬುದು ಈ ಮೂರನ್ನೇ ಅವಲಂಬಿಸಿದೆ.

ಅಮೆರಿಕದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಆಳೊಬ್ಬನು ದಿನಕ್ಕೆ 12½ ಟನ್ನು ಕಬ್ಬಿಣವನ್ನು ಹೊರುತ್ತಿದ್ದ ಕಡೆ 47½ ಟನ್ನು ಹೊರಿಸಿದುದಾಗಿ ಟೇಲರ್ ಎಂಬ ಎಂಜಿನಿಯರರು 1911ರ ತಮ್ಮ ಗ್ರಂಥದಲ್ಲಿ ಬರೆದಿದ್ದಾರೆ. ನಡುನಡುವೆ ವಿಶ್ರಾಂತಿ ಬೇಕೆಂದು ಅವರು ಕಂಡುಕೊಂಡುದು ಸರಿಯೇ. ಆದರೆ ಯಾವಾಗ ಎತ್ತಬೇಕು, ಯಾವಾಗ ಕುಳಿತುಕೊಳ್ಳಬೇಕು ಎಂಬುದೆಲ್ಲವೂ ಗಡಿಯಾರ ಹಿಡಿದವನ ಅಪ್ಪಣೆಯಾಗಿದ್ದಿತು. ಹೊಲದಲ್ಲಿ ಬಿಸಿಲು ದಿನದಿನಕ್ಕೆ ಬೇರೆ, ಮಣ್ಣಿನ ಗಡಸು ಬೇರೆ, ಆಳಿನ ವಯಸ್ಸು ಬೇರೆ. ತನ್ನ ಶಕ್ತಿಯನ್ನು ಎಲ್ಲಿ ಉಳಿಸಿ ಎಲ್ಲಿ ವೆಚ್ಚಮಾಡಬೇಕೆಂಬುದನ್ನು ದುಡಿಯುವವನೇ ಚೆನ್ನಾಗಿ ಬಲ್ಲನು.

ಆದುದರಿಂದ ಅವನನ್ನೇ ಕೇಳುವುದು ಯುಕ್ತ. ಹಾಲೆಂಡಿನ ಉಟ್ರೆಕ್ಟ್ ವಿಶ್ವವಿದ್ಯಾನಿಲಯದ ಶೌಫೆಲಿಯವರೂ ಅವರ ಸಂಗಡಿಗರೂ 2002ರಲ್ಲಿ ಪ್ರಕಟಿಸಿದ ಮಾನದಂಡವು ಈ ಬಗೆಯದು. ಕೆಲಸದಲ್ಲಿ ಚೈತನ್ಯ, ಶ್ರದ್ಧೆ, ತನ್ಮಯತೆ ಎಂಬ ಮೂರು ಗುಣಗಳನ್ನು ಅದು 17 ಪ್ರಶ್ನೆಗಳಿಂದ ಅಳೆಯುತ್ತದೆ. 2006ರಲ್ಲಿ ಅವುಗಳನ್ನು 9ಕ್ಕೆ ಇಳಿಸಿದರು. ಆದರೆ ಕೂಲಿ ಕೊಡುವ ಯಜಮಾನನೇ ಎದುರು ನಿಂತು ಕೇಳಿದರೆ ಅವನಿಗೆ ಹಿತವಾದ ಉತ್ತರವೇ ದೊರೆಯುವುದು. ಹೆಸರು ಬರೆಯದೆ, ಗುಂಪಿಗೆ ಒಟ್ಟಾಗಿ ಕೇಳಬೇಕು. ಉತ್ತರಕ್ಕೂ ಕೂಲಿಗೂ ಸಂಬಂಧವಿರಕೂಡದು.

ಬುದ್ಧಿಯ ಅಳತೆ ಇನ್ನೂ ಕಷ್ಟವಾದುದು. ಮಂಡ್ಯದ ವಿ. ಸಿ. ಫಾರಮ್ಮಿನಲ್ಲಿ ದುಡಿದ ಲಕ್ಷ್ಮಣಯ್ಯನವರನ್ನು ನಮ್ಮ ರಾಗಿ ಬೆಳೆಗಾರರು ಬಲ್ಲರು. ರಾಗಿಯ ಹೂವು ಅತಿ ಸಣ್ಣದು. ತನ್ನ ಪರಾಗದಿಂದಲೇ ಕಾಳುಕಟ್ಟುವಂಥದು. ಹಾಗಿದ್ದೂ ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಸಂಕರಿಸಿ ಅವರು ಇಂಡಾಫ್ ತಳಿಗಳನ್ನು ಪಡೆದರು. ಅಂಥ ತಾಳ್ಮೆಯನ್ನೂ ಕಲ್ಪನೆಯನ್ನೂ ಯಾವ ಹಾಜರಿ ಪುಸ್ತಕವು ಬರೆದಿಟ್ಟೀತು? ನಮ್ಮ ಆಳು ಕುಂಟೆಯ ಹಿಡಿಯನ್ನು ತನಗೆ ಅನುಕೂಲವಾಗುವಂತೆ ತಿದ್ದಿಕೊಂಡರೆ ಅದೂ ಲೆಕ್ಕಕ್ಕೆ ಬರಬೇಕಾದುದೇ.

ಸಡಿಲ ಬಿಟ್ಟರೆ ಆಳುಗಳು ಸೋಮಾರಿಗಳಾಗುವರೆಂದು ಕೆಲವರು ಆಕ್ಷೇಪಿಸಬಹುದು. ವಾದವೇತಕ್ಕೆ? ಹೊಸ ಬೀಜವನ್ನೂ ಗೊಬ್ಬರವನ್ನೂ ಪರೀಕ್ಷಿಸುವಂತೆ ಇದನ್ನೂ ಪರೀಕ್ಷಿಸಿ ನೋಡಲಿ. ಒಂದೇ ಮಣ್ಣು, ಒಂದೇ ಬೆಳೆಯುಳ್ಳ ಎರಡು ತಾಕುಗಳನ್ನು ಆರಿಸಿಕೊಂಡು, ಸಮನಾದ ಆಳುಗಳನ್ನು ಸಮನಾದ ಕೂಲಿಗೆ ಇಡತಕ್ಕದ್ದು. ಒಂದರಲ್ಲಿ ಹಿಂದಿನಂತೆ ಮೇಸ್ತ್ರಿಯ ಅಪ್ಪಣೆ ನಡೆಯಲಿ. ಇನ್ನೊಂದರಲ್ಲಿ ಆರಂಭದ ಹೊತ್ತನ್ನೂ ವಿಶ್ರಾಂತಿಯನ್ನೂ ಆಳುಗಳೇ ಗೊತ್ತುಮಾಡಿಕೊಳ್ಳಲಿ. ನೆರಳೂ ಕುಡಿಯುವ ನೀರೂ ಎರಡೂ ಕಡೆ ಇರಲಿ. ಹದಿನೈದು ದಿನಗಳ ಮೇಲೆ ಎಷ್ಟು ಸಾಲು ಮುಗಿಯಿತು, ಎಷ್ಟು ಕಳೆ ಮತ್ತೆ ಚಿಗುರಿತು, ಆಳುಗಳು ಯಾವ ಸಲಹೆಗಳನ್ನು ಕೊಟ್ಟರು ಎಂಬುದನ್ನು ಬರೆದಿಡತಕ್ಕದ್ದು.

ಗ್ರಾಮದ ಮುಖಂಡರು ಇದಕ್ಕೆ ಮೊದಲು ಕೈಹಾಕಿದರೆ ಇತರರು ಅನುಸರಿಸುವರು. ಆಳನ್ನು ಕಾಯುವುದಕ್ಕಾಗಿ ಅಳೆದರೆ ಅನುಮಾನ ಬೆಳೆಯುವುದು. ಕೆಲಸವನ್ನು ತಿದ್ದುವುದಕ್ಕಾಗಿ ಅಳೆದರೆ ಬೆಳೆಯೂ ಬೆಳೆದೀತು, ದುಡಿಯುವವನ ಮಾನವೂ ಉಳಿದೀತು.