ತಾಳೆಯಾದ ಲೆಕ್ಕ, ಎಣಿಸದ ಮೂಟೆ

ಕಿರ್ದಿ-ಖಾತೆ ತಾಳೆಯಾದ ಮಾತ್ರಕ್ಕೆ ಗೋದಾಮಿನಲ್ಲಿ ಸರಕು ಇದೆಯೆಂದು ಅನುಭವಸ್ಥ ವರ್ತಕರಾರೂ ನಂಬುವುದಿಲ್ಲ. ಲೆಕ್ಕ ತಾಳೆ ನೋಡುವುದು ಒಂದು ಕೆಲಸ. ಗೋದಾಮಿಗೆ ಹೋಗಿ ಮೂಟೆ ಎಣಿಸುವುದು ಮತ್ತೊಂದು. ಆದರೆ ವ್ಯಾಪಾರ ವಹಿವಾಟಿಗೆ ನೇರವಾಗಿ ತಟ್ಟುವ ಸಾರ್ವಜನಿಕ ನಿರ್ಧಾರಗಳಿಗೆ ಆಧಾರವಾಗುವ ಗಣಕೀಕೃತ ಅನುಕರಣಾ ಮಾದರಿಗಳ ವಿಷಯ ಬಂದಾಗ ಈ ವ್ಯತ್ಯಾಸ ಮರೆತುಹೋಗುತ್ತದೆ.

‘ಏಜೆಂಟ್ ಆಧಾರಿತ ಮಾದರಿ’ ಎಂಬಲ್ಲಿರುವ ಏಜೆಂಟ್ ಮಂಡಿಯ ಕಮಿಷನ್ ಏಜೆಂಟನಲ್ಲ. ಗಣಕದೊಳಗೆ ಸೃಷ್ಟಿಸಿದ ಒಬ್ಬೊಬ್ಬ ಕಾಲ್ಪನಿಕ ವ್ಯಕ್ತಿಗೆ, ಕೆಲವೊಮ್ಮೆ ಒಂದೊಂದು ವಾಹನಕ್ಕೆ, ಈ ಹೆಸರು. ಪ್ರತಿಯೊಬ್ಬರಿಗೂ ಮನೆ, ಕೆಲಸದ ಸ್ಥಳ, ನಡವಳಿಕೆಯ ನಿಯಮಗಳನ್ನು ಗೊತ್ತುಪಡಿಸಿ, ಅವರೆಲ್ಲರ ಓಡಾಟದಿಂದ ಒಟ್ಟಾರೆ ಏನಾಗುತ್ತದೆಂದು ನೋಡಲಾಗುತ್ತದೆ. 2020ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತಜ್ಞರು ಬೆಂಗಳೂರು ಹಾಗೂ ಮುಂಬಯಿಗಳಿಗೆ ಇಂತಹ ಮಾದರಿ ರಚಿಸಿ, ಕೋವಿಡ್ ಹರಡುವಿಕೆಯನ್ನೂ ನಿರ್ಬಂಧಗಳ ಪರಿಣಾಮವನ್ನೂ ಅಂದಾಜು ಮಾಡಿದರು. ತಮ್ಮ ಕ್ರಮವಿಧಿಯನ್ನು ಅವರು ಸಾರ್ವಜನಿಕ ಪರಿಶೀಲನೆಗೆ ತೆರೆದಿಟ್ಟದ್ದು ಶ್ಲಾಘನೀಯ.

ಅದೇ ವರ್ಷ ಮಾರ್ಚ್ 16ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜು ಪ್ರಕಟಿಸಿದ ವರದಿಯ ಕಥೆ ಇನ್ನೂ ಬೋಧಪ್ರದವಾದದ್ದು. ಯಾವ ಕ್ರಮವನ್ನೂ ಕೈಗೊಳ್ಳದಿದ್ದಲ್ಲಿ ಬ್ರಿಟನ್ನಿನಲ್ಲಿ ಸುಮಾರು 5 ಲಕ್ಷ 10 ಸಾವಿರ ಸಾವುಗಳು ಸಂಭವಿಸಬಹುದೆಂದು ಆ ಮಾದರಿ ಅಂದಾಜಿಸಿತ್ತು. ಒಂದು ವಾರದೊಳಗೆ ಅಲ್ಲಿ ಅಗತ್ಯ ವಸ್ತುಗಳನ್ನು ಬಿಟ್ಟು ಉಳಿದ ಅಂಗಡಿಗಳನ್ನು ಮುಚ್ಚಲು ಆದೇಶವಾಯಿತು. ಮಾದರಿಯ ಕ್ರಮವಿಧಿ ಆಗ ಹೊರಗಿನವರಿಗೆ ಲಭ್ಯವಿರಲಿಲ್ಲ. ತರುವಾಯ ಅದು ಬಹಿರಂಗವಾದಾಗ, ಅವೇ ಆರಂಭದ ಅಂಕಿಗಳನ್ನು ಕೊಟ್ಟು ಓಡಿಸಿದರೂ ಕೆಲವೊಮ್ಮೆ ಬೇರೆ ಬೇರೆ ಉತ್ತರ ಬರುತ್ತದೆಂಬ ದೋಷ ಕಂಡುಬಂದು ಗದ್ದಲವೆದ್ದಿತು. ಗದ್ದಲ ಅಗತ್ಯಕ್ಕಿಂತ ಹೆಚ್ಚಾಯಿತೆಂದೇ ಹೇಳಬೇಕು. ಇಂತಹ ಮಾದರಿಗಳನ್ನು ಅನೇಕ ಬಾರಿ ಓಡಿಸಿ ಸರಾಸರಿ ತೆಗೆಯುವುದೇ ವಾಡಿಕೆ. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಸ್ಟೀಫನ್ ಎಗ್ಲೆನ್ ಅದೇ ವರ್ಷ ಸ್ವತಂತ್ರವಾಗಿ ಪರೀಕ್ಷಿಸಿ, ವರದಿಯ ಫಲಿತಾಂಶಗಳನ್ನು ಮರಳಿ ಪಡೆಯಬಹುದೆಂದು ದೃಢಪಡಿಸಿದರು. ಲೆಕ್ಕವೇನೋ ತಾಳೆಯಾಯಿತು.

ಮೂಟೆಗಳ ಪ್ರಶ್ನೆ ಹಾಗೆಯೇ ಉಳಿದಿತ್ತು. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಆ ಮಾದರಿಗೆ 900ಕ್ಕೂ ಹೆಚ್ಚು ಅಂಕಿಗಳನ್ನು ಮೊದಲೇ ಗೊತ್ತುಪಡಿಸಿ ಉಣಿಸಬೇಕಾಗುತ್ತದೆಂದೂ, ಅವುಗಳಲ್ಲಿ 19 ಅಂಕಿಗಳೇ ಫಲಿತಾಂಶವನ್ನು ಬಹುಮಟ್ಟಿಗೆ ನಿರ್ಧರಿಸುತ್ತವೆಂದೂ ತೋರಿಸಿತು. ಆ ಅಂಕಿಗಳಲ್ಲಿ ತುಸು ಅನಿಶ್ಚಿತತೆ ಇದ್ದರೆ ಉತ್ತರದಲ್ಲಿ ಅದು ಹಲವು ಪಟ್ಟಾಗುತ್ತದೆ. ಕ್ರಮವಿಧಿಯಲ್ಲಿ ಒಂದು ತಪ್ಪೂ ಇಲ್ಲದಿರಬಹುದು. ಉಣಿಸಿದ ಊಹೆ ತಪ್ಪಾಗಿದ್ದರೆ ಉತ್ತರವೂ ತಪ್ಪೇ.

ಇನ್ನೊಂದು ತೊಡಕೂ ಉಂಟು. ಗತಕಾಲದ ಅಂಕಿ-ಅಂಶಗಳಿಗೆ ಹೊಂದುವವರೆಗೆ ಮಾದರಿಯನ್ನು ತಿದ್ದಿ, ಬಳಿಕ ಅವೇ ಅಂಕಿ-ಅಂಶಗಳನ್ನು ಸಾಕ್ಷ್ಯವೆಂದು ತೋರಿಸುವುದು ಸುಲಭ. ವರ್ಷಾಂತ್ಯದಲ್ಲಿ ಹೊಂದಾಣಿಕೆ ನಮೂದು ಹಾಕಿ ತಾಳೆ ಮಾಡಿದ ಗುಮಾಸ್ತನ ಜಾಣ್ಮೆಯಂತಹುದು ಇದು. ತಿದ್ದುವಾಗ ಬಳಸದೆ ಬದಿಗಿಟ್ಟ ಅಂಕಿ-ಅಂಶಗಳೊಡನೆ ಹೋಲಿಸಿದರಷ್ಟೇ ಪರೀಕ್ಷೆಗೆ ಅರ್ಥ. ಮಾದರಿಯ ಉದ್ದೇಶ, ಅದರೊಳಗಿನ ಪಾತ್ರಗಳು, ನಿಯಮಗಳು ಇವನ್ನು ಒಂದು ನಿಗದಿತ ನಮೂನೆಯಲ್ಲಿ ಬರೆದಿಡುವ ‘ಓಡಿಡಿ’ ಎಂಬ ಪದ್ಧತಿಯನ್ನು ಪರಿಸರ ವಿಜ್ಞಾನಿಗಳು 2006ರಲ್ಲೇ ರೂಪಿಸಿದ್ದಾರೆ. ಸರ್ಕಾರಿ ಇಲಾಖೆಗಳು ಸಲಹೆಗಾರರಿಂದ ಇಂತಹ ವಿವರಣೆಯನ್ನು ಟೆಂಡರ್ ಷರತ್ತಿನಲ್ಲಿಯೇ ಕೇಳಬಹುದು; ಅದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ.

ವರ್ತಕರ ಪಾಲಿಗೆ ಈ ವಿಷಯ ಮಹಾಮಾರಿಯೊಂದಿಗೆ ಮುಗಿಯುವುದಿಲ್ಲ. ಒಂದು ಪೇಟೆಬೀದಿಯನ್ನು ಏಕಮುಖ ಸಂಚಾರಕ್ಕೆ ಒಳಪಡಿಸುವ ಮುನ್ನ ಸಂಚಾರ ತಜ್ಞರು ಒಂದೊಂದು ವಾಹನವನ್ನೂ ಪ್ರತ್ಯೇಕವಾಗಿ ಓಡಿಸಿ ನೋಡುವ ಮಾದರಿಗಳನ್ನೇ ಬಳಸುತ್ತಾರೆ. ಅಂತಹ ಮಾದರಿಗೆ ಬೆಳಗಿನ ಮತ್ತು ಸಂಜೆಯ ದಟ್ಟಣೆಯ ಎಣಿಕೆಯನ್ನು ಮಾತ್ರ ಉಣಿಸಿದ್ದರೆ, ನಸುಕಿನಲ್ಲಿ ಸರಕು ಇಳಿಸುವ ಲಾರಿ, ಮಧ್ಯಾಹ್ನ ಎರಡು ಸಾಲಾಗಿ ನಿಲ್ಲುವ ಲಗೇಜ್ ಆಟೋ, ತಲೆಹೊರೆಯ ಹಮಾಲಿ ಇವರಾರೂ ಅದರೊಳಗೆ ಇರುವುದಿಲ್ಲ. ಪರದೆಯ ಮೇಲೆ ಸಂಚಾರ ಸರಾಗವಾಗಿ ಸಾಗುತ್ತದೆ. ಆ ಬೀದಿಯಲ್ಲಿ ಲಾರಿ ಎಷ್ಟು ಗಂಟೆಗೆ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದರ ಖಚಿತ ಲೆಕ್ಕ ಅಲ್ಲಿನ ಅಂಗಡಿಗಳ ಸರಕು ಆವಕದ ಪುಸ್ತಕಗಳಲ್ಲಿದೆ. ಆಕ್ಷೇಪಣೆಗೆ ಗೊತ್ತುಪಡಿಸಿದ ಅವಧಿ ಮುಗಿಯುವ ಮೊದಲೇ ವರ್ತಕರ ಸಂಘಗಳು ಆ ಪುಸ್ತಕಗಳ ಪ್ರತಿಗಳೊಡನೆ ಸಂಬಂಧಪಟ್ಟ ಇಲಾಖೆಗೆ ಹೋಗಿ, ಮಾದರಿಗೆ ಉಣಿಸಿದ ಎಣಿಕೆಯ ಪಟ್ಟಿಯನ್ನು ಕೇಳಿ ಪಡೆಯಬೇಕು.