ಹಣದ ಮಾತು, ಭಾಗ 4: ಸಾವಿರ ರೂಪಾಯಿ ಅಂದ್ರೆ ಎಷ್ಟು?

1/8
ಮೊದಲೇ ಹೇಳ್ಬಿಡ್ತೀನಿ, ಇದು ಸೋತವನ ಗೋಳು ಅಲ್ಲ. ಪೋಕರ್‌ನಲ್ಲಿ ಮನೆ ಹಾಳಾಯ್ತು ಅನ್ನೋ ಕಥೆಗಳು ನಿನಗೆ ಬೇಕಾದಷ್ಟು ಸಿಗ್ತವೆ. ನಾನು ಒಂದು ವರ್ಷ ಆಡಿದೆ. ನನ್ನ ಜೇಬಿಂದ ಹಾಕಿದ್ದು 4,000. ಆಟ ನಿಂತ ದಿನ ತೆರಿಗೆ ಕಳೆದು ಕೈಗೆ ಬಂದಿದ್ದು ಸುಮಾರು 19,000. ಅಂದ್ರೆ ಗೆದ್ದೆ. ಗೆದ್ದಿದ್ದರಿಂದಲೇ ಈ ಪೋಸ್ಟ್. ಯಾಕಂದ್ರೆ ಗೆಲ್ಲೋವಾಗ ಏನು ಹಾಳಾಗುತ್ತೆ ಅಂತ ಯಾರೂ ನಿನಗೆ ಹೇಳಲ್ಲ. ಪೂರ್ತಿ ಓದು, ಆಮೇಲೆ ಬೈಯೋದಿದ್ರೆ ಬೈ.

2/8
ಆಡದವರಿಗೆ ಎರಡು ಮಾತು. ನಾನು ಕೂರ್ತಿದ್ದಿದ್ದು 5-10ರ ಟೇಬಲ್. ಪ್ರತಿ ಸುತ್ತಿಗೆ ಇಬ್ಬರು ಕಡ್ಡಾಯವಾಗಿ 5 ಮತ್ತು 10 ರೂಪಾಯಿ ಹಾಕಲೇಬೇಕು. ಅದಕ್ಕೆ ಬ್ಲೈಂಡ್ ಅಂತಾರೆ. ಟೇಬಲ್‌ಗೆ ಕೂರೋಕೆ ನೂರು ದೊಡ್ಡ ಬ್ಲೈಂಡ್, ಅಂದ್ರೆ 1,000 ರೂಪಾಯಿ. ಅದು ಬೈ-ಇನ್. ಆರು ಜನರ ಟೇಬಲ್‌ನಲ್ಲಿ ಗಂಟೆಗೆ ಅರವತ್ತು ಕೈ ನಡೆದ್ರೆ, ಒಂದೂ ಕೈ ಆಡದೆ ಸುಮ್ನೆ ಕೂತ್ರೂ 150 ರೂಪಾಯಿ ಹೋಗುತ್ತೆ. ಪ್ರತಿ ದೊಡ್ಡ ಕೈಯಲ್ಲೂ ಆ್ಯಪ್ ತನ್ನ ಪಾಲು ಕಟ್ ಮಾಡ್ಕೊಳ್ಳುತ್ತೆ. ಅದು ರೇಕ್. ಆಟಗಾರರಲ್ಲಿ ಯಾರು ಗೆದ್ರೂ ಯಾರು ಸೋತ್ರೂ ಆ್ಯಪ್ ಮಾತ್ರ ಸೋಲಲ್ಲ.

ಈ ಲೆಕ್ಕ ತಲೆಗೆ ಹತ್ತಿತು. ಎಷ್ಟು ಹತ್ತಿತು ಅಂದ್ರೆ ಇಳಿಯಲೇ ಇಲ್ಲ.

3/8
ಮೊದಲು ಬದಲಾಗಿದ್ದು ಸಣ್ಣ ದುಡ್ಡು. ಮೊದಲೆಲ್ಲ ದಾವಣಗೆರೆಯಲ್ಲಿ ಕ್ಲಾಸ್ ಮುಗಿಸಿ ಮಂಡಕ್ಕಿ-ಮಿರ್ಚಿ ತಿನ್ನೋವಾಗ ಇನ್ನೊಂದು ಮಿರ್ಚಿ ಹಾಕಿಸ್ಕೊಳ್ಳಲಾ ಬೇಡ್ವಾ ಅಂತ ಯೋಚನೆ ಮಾಡ್ತಿದ್ದವನು ನಾನು. ಆಡೋಕೆ ಶುರು ಮಾಡಿ ಮೂರು ತಿಂಗಳಿಗೆ 300 ರೂಪಾಯಿ ಬಿಲ್ ಬಂದ್ರೂ ನೋಡದೆ ಸ್ಕ್ಯಾನ್ ಮಾಡ್ತಿದ್ದೆ. "ಮೂವತ್ತು ಬ್ಲೈಂಡ್ ತಾನೆ, ಒಂದು ಕೈಯಲ್ಲಿ ಬರುತ್ತೆ."

ಇದಕ್ಕೆ ಅರ್ಥಶಾಸ್ತ್ರದಲ್ಲಿ ಹೆಸರಿದೆ. 2017ರಲ್ಲಿ ನೊಬೆಲ್ ಪಡೆದ ರಿಚರ್ಡ್ ಥೇಲರ್, ಎರಿಕ್ ಜಾನ್ಸನ್ ಜೊತೆ 1990ರಲ್ಲೇ ಇದರ ಬಗ್ಗೆ ಬರೆದಿದ್ದರು. ಗೆದ್ದ ದುಡ್ಡನ್ನ ಮನಸ್ಸು ನಮ್ಮ ದುಡ್ಡು ಅಂತ ಎಣಿಸಲ್ಲ, ಆಟದ ಮನೆಯ ದುಡ್ಡು ಅಂತ ಬೇರೆ ಡಬ್ಬಿಗೆ ಹಾಕುತ್ತೆ. ಆ ಡಬ್ಬಿಯಿಂದ ತೆಗೆಯೋಕೆ ಕೈ ನಡುಗಲ್ಲ.

4/8
ಇಲ್ಲೀವರೆಗೆ ನಿನಗೂ ಗೊತ್ತಿರೋದೇ. ಆದ್ರೆ ಎರಡನೇ ಬದಲಾವಣೆ ಇದರ ಉಲ್ಟಾ, ಅದನ್ನ ನಾನು ನಿರೀಕ್ಷೆ ಮಾಡಿರ್ಲಿಲ್ಲ.

ಶಿಸ್ತಿನ ಆಟಗಾರರು ಒಂದು ನಿಯಮ ಹೇಳ್ತಾರೆ: ಕನಿಷ್ಠ ಇಪ್ಪತ್ತು-ಮೂವತ್ತು ಬೈ-ಇನ್ ಬೇರೆ ಎತ್ತಿಡು, ಅದನ್ನ ಮುಟ್ಟಬೇಡ. ಅದು ಬ್ಯಾಂಕ್‌ರೋಲ್. ಆಟದ ಲೆಕ್ಕದಲ್ಲಿ ಒಳ್ಳೇ ನಿಯಮ. ನಾನೂ ಪಾಲಿಸಿದೆ.

2025ರ ಜೂನ್. ನಮ್ಮದು ನ್ಯಾಮತಿ ಕಡೆ ಹಳ್ಳಿ, ಮೆಕ್ಕೆಜೋಳ ಬಿತ್ತನೆ ಸಮಯ. ಬೀಜ, ಗೊಬ್ಬರಕ್ಕೇ ಮನೇಲಿದ್ದಿದ್ದೆಲ್ಲ ಹೋಗಿತ್ತು. ಅಮ್ಮ ಫೋನ್ ಮಾಡಿದ್ಲು. "ಅಪ್ಪಾಜಿ ಕನ್ನಡಕ ಒಡೆದೋಗೈತಪ್ಪಾ, ಸಾವಿರದ ನೂರು ಅಂತೆ. ನಿನ್ ಹತ್ರ ಏನಾದ್ರೂ ಐತಾ?"

ನನ್ನ ವ್ಯಾಲೆಟ್‌ನಲ್ಲಿ 23,000 ಇತ್ತು. "ಇಲ್ಲಮ್ಮ, ಮುಂದಿನ ತಿಂಗಳು ನೋಡೋಣ" ಅಂದೆ.

ಸುಳ್ಳು ಹೇಳ್ತಿದ್ದೀನಿ ಅಂತ ನನಗೆ ಅನ್ನಿಸಲೇ ಇಲ್ಲ. ಅದೇ ಭಯ. ಆ 23,000 ನನ್ನ ಕಣ್ಣಿಗೆ ದುಡ್ಡೇ ಆಗಿರ್ಲಿಲ್ಲ, ಇಪ್ಪತ್ಮೂರು ಬೈ-ಇನ್ ಆಗಿತ್ತು. ಅದೇ ರಾತ್ರಿ ಒಂದೇ ಕೈಯಲ್ಲಿ 1,000 ಕಳ್ಕೊಂಡೆ. ಬೇಜಾರೂ ಆಗ್ಲಿಲ್ಲ. "ಆಡಿದ ರೀತಿ ಸರಿ ಇತ್ತು, ಎಲೆ ಕೈಕೊಟ್ಟಿತು" ಅಂದ್ಕೊಂಡು ಮಲಗಿದೆ.

5/8
ಈಗ ನೀನು ಕೇಳೋ ಪ್ರಶ್ನೆ ಗೊತ್ತು. "ನಮ್ ಮನೇಲಿ ಮಾಡ್ತಿರೋದೂ ಜೂಜೇ ಅಲ್ವಾ?"

ಒಳ್ಳೇ ಪ್ರಶ್ನೆ. ನಮ್ಮ ಕ್ಲಾಸನ್ನೇ ನೋಡು. ಚನ್ನಗಿರಿಯವನ ಮನೇಲಿ ಗೊನೆ ಮರದ ಮೇಲಿರುವಾಗಲೇ ಅಡಿಕೆ ಖೇಣಿ ಮಾತಾಗುತ್ತೆ, ರೇಟ್ ಏರಿದ್ರೆ ಖೇಣಿ ಹಿಡಿದವನಿಗೆ ಲಾಭ, ಇಳಿದ್ರೆ ನಷ್ಟ. ಹೊನ್ನಾಳಿಯವನು ಹೊಳೆ ಪಕ್ಕದಲ್ಲಿದ್ರೂ ಭತ್ತದ ರೇಟ್‌ಗೆ ಕಾಯಬೇಕು. ಜಗಳೂರಿನವನ ಅಪ್ಪ ಬೋರ್ ಕೊರೆಸೋದು ಅಂದ್ರೆ ಎಲೆ ತಿರುಗಿಸಿದ ಹಾಗೇ, ನೀರು ಬಂದ್ರೆ ಬಂತು.

ಆದ್ರೆ ಒಂದು ವ್ಯತ್ಯಾಸ ಇದೆ. ಜಗಳೂರಲ್ಲಿ ಒಂದು ಹೊಲಕ್ಕೆ ಒಳ್ಳೇ ಮಳೆ ಬಿದ್ರೆ ಅದು ಪಕ್ಕದ ಹೊಲದಿಂದ ಕಿತ್ಕೊಂಡಿದ್ದಲ್ಲ. ಬೆಳೆ ಅರ್ಧ ಬಂದ್ರೂ ದನಕ್ಕೆ ಮೇವಾದ್ರೂ ಸಿಗುತ್ತೆ. ಟೇಬಲ್‌ನಲ್ಲಿ ಏನೂ ಬೆಳೆಯಲ್ಲ. ಆರು ಜನ ತಂದ 6,000ದಲ್ಲಿ ರೇಕ್ ಕಳೆದು ಉಳಿದಿದ್ದನ್ನೇ ನಾವು ಹಂಚ್ಕೊಳ್ಳೋದು. ನನಗೆ ಬಂದ ಪ್ರತಿ ರೂಪಾಯಿ ಇನ್ನೊಬ್ಬನ ಜೇಬಿಂದ ಬಂದಿದ್ದು. ಅವನಿಗೊಂದು ನಿಕ್‌ನೇಮ್ ಇತ್ತು ಅಷ್ಟೆ. ಅದು ಯಾರದೋ ಹಾಸ್ಟೆಲ್ ಫೀಸ್ ಇರಬಹುದು, ಯಾರದೋ ಅಪ್ಪನ ಕನ್ನಡಕ ಇರಬಹುದು.

6/8
"ಪೋಕರ್ ಅದೃಷ್ಟ ಅಲ್ಲ, ಕೌಶಲ" ಅಂತೀಯಾ? ಒಪ್ತೀನಿ, ಕೌಶಲ ಇದೆ. ಕೋಪದಲ್ಲಿ ಆಡಬಾರದು, ಫಲಿತಾಂಶ ನೋಡಿ ನಿರ್ಧಾರ ಅಳೆಯಬಾರದು, ಇವೆರಡೂ ನಾನು ಅಲ್ಲೇ ಕಲ್ತಿದ್ದು. ಈ ವಾದ ಕೋರ್ಟಿಗೂ ಹೋಗಿತ್ತು. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡಿನ ಆನ್‌ಲೈನ್ ಆಟ ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ನಿಷೇಧವನ್ನ ರದ್ದು ಮಾಡಿತು. 2023ರಲ್ಲಿ ನಿವ್ವಳ ಗೆಲುವಿಗೆ 30% ಆದಾಯ ತೆರಿಗೆ, ಹಾಕೋ ಪೂರ್ತಿ ಹಣಕ್ಕೆ 28% ಜಿಎಸ್‌ಟಿ ಬಂತು. ಕೊನೆಗೆ 2025ರ ಆಗಸ್ಟ್ 22ರಂದು ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ರಾಷ್ಟ್ರಪತಿ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ ಅಂತ ಅದು ನೋಡಲ್ಲ, ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟವೇ ಬಂದ್. ಶಿಕ್ಷೆ ಆಡಿದವನಿಗಲ್ಲ, ಆಡಿಸಿದವನಿಗೆ: ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ.

ಆದ್ರೆ ಕೌಶಲದ ಚರ್ಚೆ ನನ್ನ ಪ್ರಶ್ನೆಗೆ ಉತ್ತರ ಅಲ್ಲ. ಕೌಶಲ ಇದ್ದಿದ್ದಕ್ಕೇ ನಾನು ಗೆದ್ದೆ. ಗೆದ್ದಿದ್ದಕ್ಕೇ ಅಮ್ಮನಿಗೆ ಇಲ್ಲ ಅಂದೆ.

7/8
ಆ್ಯಪ್ ನಿಂತಿತು, ತಲೆ ನಿಲ್ಲಲಿಲ್ಲ. ಸೆಪ್ಟೆಂಬರ್‌ನಲ್ಲಿ ಗೆಳೆಯನೊಬ್ಬ ಮದುವೆ ಕೇಟರಿಂಗ್‌ಗೆ ಕರೆದ, ರಾತ್ರಿ ಪೂರ್ತಿ ಬಡಿಸಿದ್ರೆ 500. "ಐವತ್ತು ಬ್ಲೈಂಡ್‌ಗೆ ರಾತ್ರಿಯೆಲ್ಲ ನಿಂತ್ಕೊಳ್ಳೋದಾ" ಅಂತ ನಗು ಬಂತು. ಆಮೇಲೆ ನಾಚಿಕೆ ಆಯ್ತು. 2025-26ಕ್ಕೆ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿ ದಿನಗೂಲಿ 370 ರೂಪಾಯಿ. ನನ್ನಮ್ಮ ಬಿಸಿಲಲ್ಲಿ ಬದು ಹಾಕಿ ತಂದಿರೋ ದುಡ್ಡು ಅದು. ನನ್ನ ಭಾಷೆಯಲ್ಲಿ ಅದು ಮೂವತ್ತೇಳು ಬ್ಲೈಂಡ್.

ಕೇಟರಿಂಗ್‌ಗೆ ಹೋದೆ. ಈಗ ಏನೇ ಕೊಳ್ಳೋವಾಗ ಒಂದೇ ಅಳತೆ ಇಟ್ಕೊಂಡಿದ್ದೀನಿ: ಇದು ಅಮ್ಮನ ಎಷ್ಟು ದಿನದ ಕೂಲಿ? 300ರ ಊಟ ಮುಕ್ಕಾಲು ದಿನಕ್ಕಿಂತ ಜಾಸ್ತಿ. ಕೆಲವೊಮ್ಮೆ ತಿಂತೀನಿ, ಆದ್ರೆ ಬಿಲ್ ನೋಡಿ ತಿಂತೀನಿ.

8/8
ನೀನೂ ಒಂದು ಕೆಲಸ ಮಾಡು. ಯುಪಿಐ ಹಿಸ್ಟರಿ ತೆಗೆದು ಹೋದ ತಿಂಗಳ ಖರ್ಚನ್ನ ನಿನ್ನ ಮನೆಯ ಅಳತೆಗೆ ತಿರುಗಿಸು. ಅಡಿಕೆ ಸುಲಿಯೋ ಕೂಲಿ, ಹಾಲಿನ ಡೇರಿ ದುಡ್ಡು, ಟೈಲರಿಂಗ್, ಏನಿದ್ಯೋ ಅದು. ಇನ್ನೂ ಯಾವುದೋ ಲಿಂಕ್ ಹಿಡ್ಕೊಂಡು ಕದ್ದು ಆಡ್ತಿದ್ರೆ, ಅಥವಾ ತೋಟದ ಮನೆ ಇಸ್ಪೀಟ್‌ಗೆ ಹೋಗ್ತಿದ್ರೆ, ನಿನ್ನ ತಲೆ ಯಾವ ಭಾಷೆಯಲ್ಲಿ ದುಡ್ಡು ಎಣಿಸ್ತಿದೆ ಅಂತ ಒಮ್ಮೆ ಕೇಳ್ಕೋ. ಬಿಡೋಕೆ ಆಗ್ತಿಲ್ಲ ಅಂದ್ರೆ 14416ಕ್ಕೆ ಕಾಲ್ ಮಾಡು. ಅದು ಸರ್ಕಾರದ ಟೆಲಿ-ಮಾನಸ್, ದುಡ್ಡು ಕೇಳಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಕನ್ನಡಕ ದಸರಾ ರಜೆಗೆ ಹೋದಾಗ ಕೊಡಿಸಿದೆ. ಅಪ್ಪಾಜಿ ನಾಲ್ಕು ತಿಂಗಳು ಪೇಪರ್ ಓದಿರ್ಲಿಲ್ಲ. ಹಾಕ್ಕೊಂಡು "ಎಷ್ಟಾಯ್ತಪ್ಪಾ?" ಅಂದ್ರು. ನಾಲಿಗೆ ತುದಿಗೆ ಬಂದಿದ್ದು "ಒಂದು ಬೈ-ಇನ್". ನುಂಗ್ಕೊಂಡೆ. "ಮೂರು ದಿನದ ಕೂಲಿ" ಅಂದೆ.

ನಿನ್ನ ಅಳತೆ ಯಾವುದು? ಕಾಮೆಂಟ್‌ನಲ್ಲಿ ಬರಿ. ಭಾಗ 5ರಲ್ಲಿ ಇಎಂಐ ಫೋನ್ ಬಗ್ಗೆ ಜಗಳ ಆಡೋಣ.

#ಹಣದಮಾತು #ಚನ್ನಗಿರಿ #ಹೊನ್ನಾಳಿ #ನ್ಯಾಮತಿ #ಜಗಳೂರು