ಕೃಪೆ ಸಿಕ್ಕ ಮೇಲಿನ ನಲವತ್ತು ವರ್ಷ

ಮಿಷನ್ ಶಾಲೆಗಳಲ್ಲಿ, ಕಾನ್ವೆಂಟುಗಳಲ್ಲಿ ಓದಿದ ಮಕ್ಕಳಿಗೆ ‘ಅಮೇಜಿಂಗ್ ಗ್ರೇಸ್’ ಹಾಡಿನ ಪರಿಚಯ ಸಾಮಾನ್ಯವಾಗಿ ಇರುತ್ತದೆ. ಹಾಡಿನ ಜೊತೆಗೆ ಅದನ್ನು ಬರೆದವನ ಕಥೆಯನ್ನೂ ಹೇಳುವುದುಂಟು. ಜಾನ್ ನ್ಯೂಟನ್ ಎಂಬ ಇಂಗ್ಲಿಷ್ ನಾವಿಕ ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನನಾಗಿದ್ದ. ಬಿರುಗಾಳಿಗೆ ಸಿಕ್ಕಿ ದೇವರನ್ನು ಕೂಗಿದ. ಬದುಕಿ ಬಂದವನೇ ಆ ವ್ಯಾಪಾರ ಬಿಟ್ಟು ಪಾದ್ರಿಯಾದ. ಈ ಹಾಡು ಬರೆದ. ಕಥೆಯೇನೋ ಚೆನ್ನಾಗಿದೆ. ಆದರೆ ಅದರಲ್ಲಿ ಹಿಂದಿನದು ಮುಂದೆ, ಮುಂದಿನದು ಹಿಂದೆ ಆಗಿದೆ. ನಿಜವಾಗಿ ಬಿರುಗಾಳಿ ಬಂದದ್ದು ಮೊದಲು, ಆತ ಕಪ್ತಾನನಾದದ್ದು ಆಮೇಲೆ.

1748ರ ಮಾರ್ಚ್ 21ರಂದು ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ‘ಗ್ರೇಹೌಂಡ್’ ಹಡಗು ಮುಳುಗುವ ಸ್ಥಿತಿಗೆ ಬಂದಾಗ ನ್ಯೂಟನ್‌ಗೆ 22 ವರ್ಷ. ದೇವರು ಧರ್ಮಗಳನ್ನು ಬಾಯಿಗೆ ಬಂದಂತೆ ಹೀಯಾಳಿಸುವುದರಲ್ಲಿ ಒರಟು ನಾವಿಕರನ್ನೂ ಮೀರಿಸಿದವನು. ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ನೀರೆತ್ತುವ ಪಂಪಿನ ಬಳಿ ದುಡಿದ ಅವನ ಬಾಯಿಂದ ಅಂದು ದೇವರ ಕರುಣೆ ಬೇಡುವ ಮಾತೊಂದು ತಾನಾಗಿಯೇ ಹೊರಬಿತ್ತು. ಹಡಗು ಹೇಗೋ ಐರ್ಲೆಂಡಿನ ದಡ ಮುಟ್ಟಿತು. ಆ ದಿನವನ್ನು ಆತ ಜೀವಮಾನವಿಡೀ ಸ್ಮರಿಸಿಕೊಂಡ.

ಅದೇ ವರ್ಷ ಆತ ಗುಲಾಮರ ಹಡಗೊಂದರಲ್ಲಿ ಕಪ್ತಾನನ ಕೈಕೆಳಗಿನ ಅಧಿಕಾರಿಯಾಗಿ ಆಫ್ರಿಕಕ್ಕೆ ಹೊರಟ. 1750ರಿಂದ 1754ರವರೆಗೆ ಮೂರು ಯಾತ್ರೆಗಳಲ್ಲಿ ತಾನೇ ಕಪ್ತಾನನಾಗಿದ್ದ. ಭಾನುವಾರಗಳಂದು ನಾವಿಕರನ್ನು ಸೇರಿಸಿ ಪ್ರಾರ್ಥನೆ ನಡೆಸುತ್ತಿದ್ದ. ಹೆಂಡತಿ ಮೇರಿಗೆ ಭಕ್ತಿ ತುಂಬಿದ ಪತ್ರ ಬರೆಯುತ್ತಿದ್ದ. ಅದೇ ಹಡಗಿನ ತಳದಲ್ಲಿ ಸರಪಳಿ ಬಿಗಿದ ಮನುಷ್ಯರಿದ್ದರು. ಆತನ ಹಡಗಿನ ದಿನಚರಿ ಉಳಿದು ಬಂದಿದೆ. ಎರಡನೆಯ ಯಾತ್ರೆಯಲ್ಲಿ ಗುಲಾಮರು ದಂಗೆಗೆ ಸಂಚು ಹೂಡಿದ್ದು ತಿಳಿದಾಗ, ಬಾಯಿ ಬಿಡಿಸಲೆಂದು ಕೆಲವು ಹುಡುಗರ ಹೆಬ್ಬೆರಳುಗಳಿಗೆ ತಿರುಪಿನಿಂದ ಹಿಂಡುವ ಕಬ್ಬಿಣದ ಸಾಧನ ಹಾಕಿಸಿದ್ದನ್ನು, ದಿನದ ಲೆಕ್ಕ ಬರೆದಷ್ಟೇ ಸಹಜವಾಗಿ ಬರೆದಿಟ್ಟಿದ್ದಾನೆ.

ಇದನ್ನು ಕೇಳಿದ ವಿದ್ಯಾರ್ಥಿ ಸಹಜವಾಗಿ ಕೇಳಬಹುದಾದ ಪ್ರಶ್ನೆ: ಹಾಗಾದರೆ 1748ರಲ್ಲಿ ಆತನಿಗೆ ಆದದ್ದೇನು? ಅದು ರಕ್ಷಣೆಯೇ, ಬರೀ ಪ್ರಾಣಭಯವೇ?

ಕ್ರೈಸ್ತ ಧರ್ಮದ ಒಳಗೇ ಇದು ಹಳೆಯ ಪ್ರಶ್ನೆ. ‘ಕೃಪೆ’ ಎಂಬ ಮಾತನ್ನು ಅಲ್ಲಿ ಒಂದು ವಿಶೇಷ ಅರ್ಥದಲ್ಲಿ ಬಳಸುತ್ತಾರೆ. ನಮ್ಮ ಮಕ್ಕಳಿಗೆ ಗೊತ್ತಿರುವುದು ಪರೀಕ್ಷೆಯ ಗ್ರೇಸ್ ಮಾರ್ಕು. ಪಾಸಾಗಲು ಎರಡೋ ಮೂರೋ ಅಂಕ ಕಡಿಮೆ ಬಿದ್ದಾಗ ಪರೀಕ್ಷಾ ಮಂಡಳಿ ದಯೆಯಿಂದ ಕೊಡುವಂಥದು. ಸಂತ ಪೌಲ ಹೇಳುವ ಕೃಪೆ ಅದಲ್ಲ. ಅವನ ಲೆಕ್ಕದಲ್ಲಿ ದಡದ ಹತ್ತಿರ ಬಂದವರು ಯಾರೂ ಇಲ್ಲ. ಎಲ್ಲರದೂ ಖಾಲಿ ಉತ್ತರಪತ್ರಿಕೆಯೇ. ಕೃಪೆ ಯೋಗ್ಯತೆ ನೋಡಿ ಬರುವುದಿಲ್ಲ, ಉಚಿತವಾಗಿ ಬರುತ್ತದೆ.

ಹಾಗಾದರೆ ಕೃಪೆ ಹೆಚ್ಚಲಿ ಎಂದು ಪಾಪ ಮಾಡುತ್ತಲೇ ಇರೋಣವೇ ಎಂಬ ಕುತರ್ಕವನ್ನು ಪೌಲ ತಾನೇ ರೋಮಾಪುರದವರಿಗೆ ಬರೆದ ಪತ್ರದಲ್ಲಿ ಎತ್ತಿ, ಎಂದಿಗೂ ಸಲ್ಲದು ಎಂದು ತಳ್ಳಿಹಾಕುತ್ತಾನೆ. ಆದರೆ ಅದೇ ಪತ್ರದಲ್ಲಿ ಮುಂದೆ, ಒಳ್ಳೆಯದನ್ನು ಬಯಸಿಯೂ ಮಾಡಲಾಗದ, ಬೇಡವೆಂದ ಕೆಟ್ಟದ್ದನ್ನೇ ಮಾಡಿಬಿಡುವ ಮನುಷ್ಯನ ಸಂಕಟ ‘ನಾನು’ ಎಂಬ ಧ್ವನಿಯಲ್ಲೇ ಬರುತ್ತದೆ. ಇದು ವಿಶ್ವಾಸಕ್ಕೆ ಬರುವ ಮೊದಲಿನ ಸ್ಥಿತಿಯೋ ಅನಂತರದ್ದೋ ಎಂದು ಪಂಡಿತರು ಇಂದಿಗೂ ಜಗಳವಾಡುತ್ತಾರೆ. ಮಾರ್ಟಿನ್ ಲೂಥರ್‌ಗೆ ಸಂಶಯವಿರಲಿಲ್ಲ. ವಿಶ್ವಾಸಿ ಒಂದೇ ಕಾಲಕ್ಕೆ ನೀತಿವಂತನೂ ಹೌದು, ಪಾಪಿಯೂ ಹೌದು ಎಂದು ಆತ ಕಲಿಸಿದ. 1517ರ ತನ್ನ 95 ವಾದಸೂತ್ರಗಳಲ್ಲಿ ಮೊದಲನೆಯದರಲ್ಲೇ, ವಿಶ್ವಾಸಿಯ ಇಡೀ ಬದುಕು ಪಶ್ಚಾತ್ತಾಪವಾಗಿರಬೇಕು ಎಂದ.

ಪೌಲ ಇನ್ನೊಂದು ಹೋಲಿಕೆ ಕೊಡುತ್ತಾನೆ, ದತ್ತುವಿನದು. ನನಗೆ ಇದೇ ಹೆಚ್ಚು ಹಿಡಿಸುತ್ತದೆ. ದತ್ತು ಬಂದ ಮಗು ಮೊದಲ ದಿನದಿಂದಲೇ ಆ ಮನೆಯ ಮಗು. ಹೆಸರು, ಹಕ್ಕು ಎಲ್ಲವೂ ಅಂದೇ ಬರುತ್ತವೆ. ಮನೆಯ ನಡೆನುಡಿ ಮಾತ್ರ ಒಂದೇ ದಿನಕ್ಕೆ ಬರುವುದಿಲ್ಲ.

ನ್ಯೂಟನ್‌ಗೆ ಅದು ಬಹಳ ನಿಧಾನವಾಗಿ ಬಂತು. ಆತ ಸಮುದ್ರ ಬಿಟ್ಟದ್ದು ಮನಸ್ಸಾಕ್ಷಿ ಚುಚ್ಚಿದ್ದರಿಂದಲ್ಲ, 1754ರಲ್ಲಿ ಇದ್ದಕ್ಕಿದ್ದಂತೆ ಕಾಣಿಸಿಕೊಂಡ ಕಾಯಿಲೆಯಿಂದ. ತನ್ನ ಕೆಲಸ ಸೆರೆಮನೆಯ ಕಾವಲುಗಾರನದ್ದರಂತಿದೆ ಎಂದು ಬೇಸರವಿತ್ತು. ಬೇರೆ ಉದ್ಯೋಗ ಕೊಡು ಎಂದು ಪ್ರಾರ್ಥಿಸುತ್ತಲೂ ಇದ್ದ. ಆದರೆ ಅದು ಪಾಪವೆಂದು ಆಗ ಹೊಳೆಯಲೇ ಇಲ್ಲ. 1764ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಇದನ್ನು ಒಪ್ಪಿಕೊಂಡಿದ್ದಾನೆ. ಬಿರುಗಾಳಿಯ ಕಾಲದಲ್ಲಿ ತಾನು ಪೂರ್ಣ ಅರ್ಥದಲ್ಲಿ ವಿಶ್ವಾಸಿಯಾಗಿರಲಿಲ್ಲ, ಅದಕ್ಕೆ ಇನ್ನೂ ಬಹುಕಾಲ ಹಿಡಿಯಿತು ಎಂದೂ ಹೇಳಿದ್ದಾನೆ. ಆ ವರ್ಷವೇ ಆತ ಆಲ್ನಿ ಎಂಬ ಊರಿನಲ್ಲಿ ಪಾದ್ರಿಯಾದ. ಮಗ ಪಾದ್ರಿಯಾಗಲೆಂದು ಬಯಸಿ ಪುಟ್ಟ ವಯಸ್ಸಿನಲ್ಲೇ ಪ್ರಾರ್ಥನೆ, ಧರ್ಮಪಾಠ ಕಲಿಸಿದ್ದ ತಾಯಿ, ಆತನಿಗೆ ಏಳು ತುಂಬುವ ಮೊದಲೇ ತೀರಿಕೊಂಡಿದ್ದಳು. ಹೇಳಿಕೊಟ್ಟ ಪಾಠ ನಾಳೆಯೇ ಫಲ ಕೊಡಬೇಕೆನ್ನುವ ಪೋಷಕರು ಈ ಲೆಕ್ಕವನ್ನು ಗಮನಿಸಬಹುದು.

ಆ ಕಾಲವೇ ಹಾಗಿತ್ತು, ಯಾರಿಗೂ ತಪ್ಪೆನಿಸುತ್ತಿರಲಿಲ್ಲ ಎಂದು ಸಮರ್ಥಿಸುವವರಿದ್ದಾರೆ. ಅದು ಪೂರ್ತಿ ನಿಜವಲ್ಲ. ನ್ಯೂಟನ್ ಸಮುದ್ರ ಬಿಟ್ಟ 1754ರಲ್ಲೇ, ಅಮೆರಿಕದ ನ್ಯೂಜೆರ್ಸಿಯ ಜಾನ್ ವೂಲ್ಮನ್ ಎಂಬ ಕ್ವೇಕರ್ ಪಂಥದ ದರ್ಜಿ ಗುಲಾಮರನ್ನು ಇಟ್ಟುಕೊಳ್ಳುವುದರ ವಿರುದ್ಧ ಪುಸ್ತಿಕೆ ಪ್ರಕಟಿಸಿದ್ದ. ಇಬ್ಬರೂ ಓದುತ್ತಿದ್ದದ್ದು ಒಂದೇ ಬೈಬಲ್ಲು.

‘ಅಮೇಜಿಂಗ್ ಗ್ರೇಸ್’ ಮೊದಲು ಆಲ್ನಿಯ ಸಭೆಯ ಮುಂದೆ ಬಂದದ್ದು 1773ರ ಹೊಸ ವರ್ಷದ ದಿನ. ಅಂದು ನ್ಯೂಟನ್ ಉಪದೇಶಕ್ಕೆ ಆರಿಸಿಕೊಂಡದ್ದು ಪೂರ್ವಕಾಲವೃತ್ತಾಂತದ ಪ್ರಥಮಭಾಗದಲ್ಲಿ ಅರಸ ದಾವೀದ ದೇವರ ಮುಂದೆ ಕುಳಿತು, ಇಷ್ಟು ದೂರ ನನ್ನನ್ನು ಕರೆತಂದೆಯಲ್ಲ, ನಾನೆಷ್ಟರವನು ಎಂದು ಬೆರಗಾಗುವ ಭಾಗ. ಕೃಪೆಯ ಹಾಡು ಬಂತು. ಗುಲಾಮಗಿರಿಯ ವಿರುದ್ಧ ಬಹಿರಂಗವಾಗಿ ಒಂದು ಪುಸ್ತಿಕೆ ಬರಲು ಇನ್ನೂ 15 ವರ್ಷ ಬೇಕಾಯಿತು.

1785ರಲ್ಲಿ ವಿಲಿಯಂ ವಿಲ್ಬರ್‌ಫೋರ್ಸ್ ಎಂಬ ಯುವಕ ಸಂಸದ, ಮನಪರಿವರ್ತನೆಯಾದ ತಾನು ರಾಜಕೀಯ ಬಿಡಬೇಕೇ ಎಂದು ಕೇಳಲು ಲಂಡನ್ನಿನಲ್ಲಿ ನ್ಯೂಟನ್‌ನ ಬಳಿ ಬಂದ. ಇದ್ದಲ್ಲೇ ಇದ್ದು ದೇವರ ಕೆಲಸ ಮಾಡು ಎಂದು ನ್ಯೂಟನ್ ಹೇಳಿದ. ವಿಲ್ಬರ್‌ಫೋರ್ಸ್ ಗುಲಾಮರ ವ್ಯಾಪಾರದ ವಿರುದ್ಧ ನಿಂತಾಗ, 1788ರಲ್ಲಿ, ಮುದುಕ ಪಾದ್ರಿ ಕೊನೆಗೂ ತನ್ನ ಪುಸ್ತಿಕೆ ಬರೆದ. ಹಡಗಿನ ತಳದಲ್ಲಿ ಮನುಷ್ಯರನ್ನು ಕಪಾಟಿನ ಪುಸ್ತಕಗಳಂತೆ ಒತ್ತೊತ್ತಾಗಿ ಮಲಗಿಸುತ್ತಿದ್ದ ಬಗೆ, ಅಳುವಿನಿಂದ ನಿದ್ದೆ ಕೆಟ್ಟಿತೆಂದು ಹಡಗಿನ ಅಧಿಕಾರಿಯೊಬ್ಬ ತಾಯಿಯ ಕೈಯಿಂದ ಕೂಸನ್ನು ಕಿತ್ತು ಸಮುದ್ರಕ್ಕೆಸೆದದ್ದು, ಎಲ್ಲವೂ ಅದರಲ್ಲಿವೆ. ಈ ತಪ್ಪೊಪ್ಪಿಗೆ ತೀರಾ ತಡವಾಗಿ ಬಂದಿದೆ, ತಾನು ಪಾಲುಗೊಂಡಿದ್ದ ಕೆಲಸ ನೆನೆದರೆ ಎದೆ ನಡುಗುತ್ತದೆ ಎಂದು ಮೊದಲಿಗೇ ಹೇಳಿಕೊಂಡ. ಸರಕಾರದ ವಿಚಾರಣೆಯ ಮುಂದೆ ಸಾಕ್ಷಿಯನ್ನೂ ನುಡಿದ.

ನಾಜಿಗಳ ಕಾಲದ ಜರ್ಮನ್ ಪಾದ್ರಿ ಡೀಟ್ರಿಚ್ ಬಾನ್‌ಹೋಫರ್ 1937ರ ತನ್ನ ಗ್ರಂಥದಲ್ಲಿ ‘ಅಗ್ಗದ ಕೃಪೆ’ ಎಂಬ ಮಾತು ಬಳಸಿದ. ಕ್ಷಮೆ ಬೇಕು, ಬದಲಾವಣೆ ಬೇಡ ಎನ್ನುವ ಮನೋಭಾವಕ್ಕೆ ಆತ ಕೊಟ್ಟ ಹೆಸರದು. ಕಪ್ತಾನ ನ್ಯೂಟನ್‌ಗೆ ದಕ್ಕಿದ್ದೂ ಅದೇ ಎಂದು ಯಾರಾದರೂ ಅಂದರೆ ಅಲ್ಲಗಳೆಯುವುದು ಕಷ್ಟ. ಹಾಗೆಂದು 1748ರ ಕೂಗು ಸುಳ್ಳೆಂದು ನಾನು ಹೇಳಲಾರೆ. ಸುಳ್ಳಾಗಿದ್ದರೆ 1788ರಲ್ಲಿ ಎದೆ ನಡುಗುತ್ತಿರಲಿಲ್ಲ. ಆದರೆ ಆ ನಲವತ್ತು ವರ್ಷದ ಬೆಲೆಯ ಒಂದು ಪಾಲನ್ನು ತೆತ್ತವರು ಹಡಗಿನ ತಳದಲ್ಲಿದ್ದವರು. ಅವರ ಲೆಕ್ಕವನ್ನು ನ್ಯೂಟನ್‌ನ ಶಾಂತಿಯ ಖಾತೆಗೆ ಸೇರಿಸಿ ಮುಗಿಸಲು ಬರುವುದಿಲ್ಲ.

1807ರ ಮಾರ್ಚ್‌ನಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಗುಲಾಮರ ವ್ಯಾಪಾರ ನಿಷೇಧಿಸುವ ಕಾನೂನು ಮಾಡಿತು. ಡಿಸೆಂಬರ್ 21ರಂದು ನ್ಯೂಟನ್ ತೀರಿಕೊಂಡ. ಸಮಾಧಿಲೇಖವನ್ನು ತಾನೇ ಬರೆದಿಟ್ಟಿದ್ದ. ಒಂದು ಕಾಲದಲ್ಲಿ ನಾಸ್ತಿಕ, ಸ್ವೇಚ್ಛಾಚಾರಿ, ಆಫ್ರಿಕದಲ್ಲಿ ಗುಲಾಮರಿಗೇ ಆಳಾಗಿದ್ದವನು, ಕ್ರಿಸ್ತನ ಕರುಣೆಯಿಂದ ಕ್ಷಮೆ ಪಡೆದವನು ಎಂಬುದು ಅದರ ತಾತ್ಪರ್ಯ. ಯೌವನದಲ್ಲಿ ಆತ ಆಫ್ರಿಕದ ಕರಾವಳಿಯ ವ್ಯಾಪಾರಿಯೊಬ್ಬನ ಕೈಕೆಳಗೆ ನಿಜಕ್ಕೂ ಹಾಗೆ ಬವಣೆಪಟ್ಟಿದ್ದ. ಕಪ್ತಾನನಾಗಿದ್ದ ಮಾತು ಮಾತ್ರ ಆ ಕಲ್ಲಿನ ಮೇಲಿಲ್ಲ. ಅದಕ್ಕೆ 1788ರ ಪುಸ್ತಿಕೆಯನ್ನೇ ತೆರೆಯಬೇಕು.